ಹುಲ್ಲಿನ ಟೋಪಿಯೂ ಅತ್ತೆಯ ತಲೆಯೂ

ನಾನು ಹಲಸೂರಿಗೆ ಸೊಸೆಯಾಗಿ ಬಂದಾಗ ಲೋಕದಲ್ಲಿ ಯುದ್ಧ ನಡೆಯುತ್ತಿತ್ತು. ನಮ್ಮ ಮನೆಯಲ್ಲೂ ಒಂದು ನಡೆಯುತ್ತಿತ್ತು, ಹುಲ್ಲಿಗಾಗಿ. ಮಿಷನ್ ಶಾಲೆಯಲ್ಲಿ ನಾನು ಗೋಧಿ ಹುಲ್ಲಿನ ಟೋಪಿ ನೇಯುವುದನ್ನು ಕಲಿತಿದ್ದೆ. ಅತ್ತೆಗೆ ಅದು ಸೇರುತ್ತಿರಲಿಲ್ಲ. "ಹಸು ತಿನ್ನೋದನ್ನ ಯಾರಾದ್ರೂ ತಲೆ ಮೇಲೆ ಹಾಕ್ಕೋತಾರಾ?" ಎನ್ನುತ್ತಿದ್ದರು.

ಕೆರೆಯಾಚೆಯ ಬಂಗಲೆಯ ದೊರೆಸಾನಿ ತನಗೊಂದು ಟೋಪಿ ಬೇಕೆಂದಾಗ ಅತ್ತೆ ಷರತ್ತು ಹಾಕಿದರು: ಆಕೆ ಮೆಚ್ಚಿದರೆ ಸರಿ, ಇಲ್ಲದಿದ್ದರೆ ನನ್ನ ಹುಲ್ಲಿನ ಕಂತೆಯೆಲ್ಲ ಕೊಟ್ಟಿಗೆಗೆ. ಆ ಕಂತೆ ಬಿಟ್ಟರೆ ಆ ಮನೆಯಲ್ಲಿ ನನ್ನದು ಎನ್ನುವಂಥದ್ದು ಏನೂ ಇರಲಿಲ್ಲ. ಆದರೂ ಒಪ್ಪಿಕೊಂಡೆ.

ಒಂದೊಂದು ಕಡ್ಡಿಯನ್ನೂ ನೆನೆಸಿ, ಉಗುರಿನಲ್ಲಿ ಸೀಳಿ, ನೆತ್ತಿಯಿಂದ ಸುತ್ತುತ್ತ ನೇಯಬೇಕು. ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟೂ ಸಂದು ಕಾಣಬಾರದು. ಒದ್ದೆಯಾಗಿರುವಾಗಲೇ ತಲೆಯಳತೆಯ ಅಚ್ಚಿಗೆ ತೊಡಿಸಿ ಒಣಗಿಸದಿದ್ದರೆ ಕರಿದ ಹಪ್ಪಳದಂತೆ ಸೊಟ್ಟಗಾಗುತ್ತದೆ. ಮರದ ಅಚ್ಚುಗಳೆಲ್ಲ ಶಾಲೆಯವು. ಹಾಗಾಗಿ ದೊರೆಸಾನಿಯ ತಲೆಯನ್ನು ದಾರದಲ್ಲಿ ಅಳೆದು, ಗಂಟು ಹಾಕಿಕೊಂಡು, ಮಾರ್ಕೆಟ್ಟಿನಲ್ಲಿ ಕುಂಬಳಕಾಯಿಗಳಿಗೆ ಸುತ್ತಿ ನೋಡತೊಡಗಿದೆ. ಮಾರುವವಳು, "ಏನಮ್ಮಾ, ಕಾಯಿಗೆ ರವಿಕೆ ಹೊಲಿಸ್ತೀಯಾ?" ಎಂದಳು. ಏಳನೆಯದು ಸರಿಹೋಯಿತು. ಅಚ್ಚಿಗೆ ಅದೇ ಸಾಕೆಂದು ತಂದು ಅಡುಗೆಮನೆಯ ಮೂಲೆಯಲ್ಲಿಟ್ಟೆ.

ನೇಯ್ಗೆ ಮುಗಿದ ಬೆಳಿಗ್ಗೆ ಅಡುಗೆಮನೆಗೆ ಹೋದರೆ ಮೂಲೆ ಖಾಲಿ. ಅಂದು ಸಂಜೆಯೇ ದೊರೆಸಾನಿ ಬರುವವರು. ಕಾಯಿ ಎಲ್ಲಿ ಎಂದು ಕೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನಮ್ಮ ಮನೆಯಲ್ಲಿ ನಿಜವಾಯಿತು. ಉಂಡು ಕೆಲಸಕ್ಕೆ ಹೊರಟಿದ್ದ ನನ್ನ ಗಂಡ, ತಾನು ಎರಡೇ ಸೌಟು ಹಾಕಿಸಿಕೊಂಡದ್ದು ಎಂದರು. ಅತ್ತೆ ಅಲುಗಲಿಲ್ಲ. ಅಡುಗೆಮನೆಯಲ್ಲಿರುವ ಕಾಯಿ ಹುಳಿಗಲ್ಲದೆ ಪೂಜೆಗೇನು ಎಂದು ನನ್ನನ್ನೇ ಕೇಳಿದರು.

ಅಳುವೂ ಬಂತು, ಸಿಟ್ಟೂ ಬಂತು. ದಾರ ತಂದು ಗಂಡನ ತಲೆಗೆ ಸುತ್ತಿದೆ, ಹೆಬ್ಬೆರಳಷ್ಟು ದೊಡ್ಡದು. ನನ್ನದು ಚಿಕ್ಕದು. ಅತ್ತೆಯ ತುರುಬು ಬಿಚ್ಚಿ ಸುತ್ತಿದಾಗ ದಾರದ ತುದಿ ಸರಿಯಾಗಿ ಗಂಟಿಗೇ ಬಂದು ಮುಟ್ಟಿತು.

"ಹುಳಿ ಮಾಡಿದ್ದು ನೀವೇ ಅತ್ತೆ, ಈಗ ಕಾಯಿ ಆಗೋದೂ ನೀವೇ," ಎಂದೆ. ಅಂಥ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಹೇಗೂ ಮಹಡಿಯ ಮೇಲೆ ಸಂಡಿಗೆ ಕಾಯಲು ಅವರು ಕೂರಲೇಬೇಕಿತ್ತು. ಒದ್ದೆ ಟೋಪಿ ತೊಟ್ಟು, ನೆರೆಮನೆಗೆ ಬೆನ್ನು ಹಾಕಿ ಕೂತರು. ಆ ದಿನ ಒಂದು ಕಾಗೆಯೂ ಹತ್ತಿರ ಸುಳಿಯಲಿಲ್ಲ. ಮಧ್ಯಾಹ್ನ ಮುಟ್ಟಿ ನೋಡಿದೆ, ಟೋಪಿ ಗರಿಗರಿಯಾಗಿ ಒಣಗಿತ್ತು. ಇಳಿಸಿ ಎಂದರೆ ಅತ್ತೆ, ಇನ್ನೂ ಒದ್ದೆಯಿದೆ ಎಂದರು.

ಸಂಜೆ ದೊರೆಸಾನಿ ಟೋಪಿಯನ್ನು ಬೆಳಕಿಗೆ ಹಿಡಿದು ನೋಡಿ, ನಕ್ಕು, ತಲೆಗಿಟ್ಟುಕೊಂಡೇ ಹೊರಟರು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಷರತ್ತಿನ ಸುದ್ದಿಯನ್ನೇ ಎತ್ತಲಿಲ್ಲ.

ಮರುದಿನ ನನ್ನ ಕಂತೆ ಇದ್ದ ಜಾಗ ಬರಿದಾಗಿತ್ತು. ಕೊಟ್ಟಿಗೆಗೆ ಓಡಿದೆ. ಹಸು ಎಂದಿನ ರಾಗಿ ಹುಲ್ಲನ್ನೇ ಮೇಯುತ್ತಿತ್ತು. ಕಂತೆ ಅಟ್ಟದ ಮೇಲೆ ಭದ್ರವಾಗಿತ್ತು. ಪಕ್ಕದಲ್ಲಿ ಹೊಸದೊಂದು ಕುಂಬಳಕಾಯಿ, ಅದರ ಸುತ್ತ ನಾನು ಗಂಟು ಹಾಕಿದ್ದ ದಾರ.

"ಇದನ್ನ ಹುಳಿಗೆ ಹಾಕಲ್ಲ," ಎಂದರು ಅತ್ತೆ ಹಿಂದಿನಿಂದ. "ಅಂಚು ಮಾತ್ರ ಒಂಚೂರು ಅಗಲ ಇರ್ಲಿ. ನಿನ್ನೆ ಮೂಗಿಗೆ ಬಿಸಿಲು ಬಡೀತು."