ಟೈಲರಕ್ಕನ ಸ್ವಲ್ಪ ನೋವು

ಹೊಲಿಗೆ ಯಂತ್ರದ ಸೂಜಿ ಬೆರಳಿಗೆ ಹೊಕ್ಕರೂ "ಸ್ವಲ್ಪ ನೋವು, ಅಷ್ಟೇ" ಅನ್ನುವವಳು ಟೈಲರಕ್ಕ. ಹೋದ ಕ್ಲಿನಿಕ್ಕಿನಲ್ಲೆಲ್ಲ ಅದನ್ನೇ ಬರೆದುಕೊಂಡರು. ಅವಳನ್ನು ಒಂದು ಮಾತೂ ಕೇಳದೆ ಆ ದಾಖಲೆಗಳನ್ನೆಲ್ಲ ದೊಡ್ಡಾಸ್ಪತ್ರೆಯ ಕಂಪ್ಯೂಟರಿಗೆ ದಾಟಿಸಿದರು. ಅಂದು ಅವಳು ಎದೆ ಹಿಡಿದುಕೊಂಡು ಬಂದಾಗ, ಯಾರನ್ನು ಮೊದಲು ನೋಡಬೇಕೆಂದು ತೀರ್ಮಾನಿಸುವ ಆ ಕಂಪ್ಯೂಟರು ಹಳೆಯದನ್ನೆಲ್ಲ ಓದಿ ಅವಳನ್ನು ಸಾಲಿನ ಕೊನೆಗೆ ತಳ್ಳಿತು.

"ಸಿಸ್ಟರ್, ಮುಖ ನೋಡಿ ಒಂದ್ಸಲ! ಹೇಗೆ ಬೆವರ್ತಿದಾಳೆ!" ಜೊತೆಗೆ ಬಂದಿದ್ದ ಗೆಳತಿ ಕೂಗಿದಳು.

"ಅರ್ಜೆಂಟ್ ಇಲ್ಲ ಅಂತ ತೋರಿಸ್ತಿದೆಯಲ್ಲಮ್ಮ, ಕೂತ್ಕೊಳ್ಳಿ," ಎಂದಳು ನರ್ಸ್.

"ಸುಮ್ನಿರೇ, ಬಾಯಿಬಡುಕಿ. ಸ್ವಲ್ಪ ನೋವು, ಅಷ್ಟೇ," ಎಂದಳು ಟೈಲರಕ್ಕ. ನರ್ಸ್ ಅದನ್ನೂ ಟೈಪ್ ಮಾಡಿದಳು.

ಸರದಿ ಬರುವ ಮೊದಲೇ ಟೈಲರಕ್ಕ ತೀರಿಕೊಂಡಳು.

"ಕಂಪ್ಯೂಟರಿಗೆ ಸಿಕ್ಕ ಮಾಹಿತಿಯೇ ಹಾಗಿತ್ತು," ಎಂದರು ದೊಡ್ಡ ಡಾಕ್ಟರು.

"ಅದಕ್ಕೆ ಕಣ್ಣಿಲ್ಲ, ಸರಿ. ನಿಮಗೇನಾಗಿತ್ತು ಸಾರ್?" ಎಂದು ಗೆಳತಿ ಕೇಳಿದಳು.