ಗುಡ್ಡದ ಮೇಲೆ ಅವ್ವನ ಫುಟ್‌ಬಾಲು

ಆಗೆಲ್ಲ ಬರ್ಕ್ಲಿಯಲ್ಲಿ ಶನಿವಾರ ಬಂತೆಂದರೆ ಕಾಲೇಜು ಫುಟ್‌ಬಾಲಿನ ಬ್ಯಾಂಡು ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆವರೆಗೂ ಕೇಳುತ್ತಿತ್ತು. ಎಂಬತ್ತರ ದಶಕ, ನನಗೆ ಎಂಟು ವರ್ಷ. ಮೈಸೂರಿನವರಾದ ಅಪ್ಪ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿದ್ದರು. ಹುಬ್ಬಳ್ಳಿಯ ಅವ್ವನಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಬಾಯಿ ಬಿಡುತ್ತಿರಲಿಲ್ಲ. ಗ್ರೋಸರಿ ಅಂಗಡಿಯಲ್ಲೂ ನನ್ನನ್ನೇ ಮುಂದೆ ತಳ್ಳುತ್ತಿದ್ದಳು. ನನಗದು ಹೆಮ್ಮೆಯೇ.

ಸ್ಟೇಡಿಯಮ್ಮಿನ ಹಿಂದಿನ ಗುಡ್ಡ ಹತ್ತಿ ಕೂತರೆ ಟಿಕೀಟಿಲ್ಲದೆ ಆಟ ಕಾಣುತ್ತಿತ್ತು. ಒದೆಯುವುದಕ್ಕಿಂತ ಹೆಚ್ಚಾಗಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕದ ಫುಟ್‌ಬಾಲು. ನೀಲಗಿರಿ ಎಲೆಯ ಘಾಟು, ತೊಡೆಗೆ ಚುಚ್ಚುವ ಒಣಹುಲ್ಲು, ಡಬ್ಬಿಯಲ್ಲಿ ಹಸಿಮೆಣಸಿನಕಾಯಿ ಹಾಕಿದ ಮಂಡಕ್ಕಿ ಗಿರಮಿಟ್ಟು. ಅವ್ವ ಕಾಲೇಜಿನಲ್ಲಿ ಕಬಡ್ಡಿ ಆಡಿದವಳು. ಎರಡು ಶನಿವಾರಗಳಲ್ಲೇ ಅವಳಿಗೆ ಆಟ ತಿಳಿದುಹೋಯಿತು.

"ಹಿಂಗ ದೂರ ನಿಂತ್ರ ಎದುರಿನವರ ಚೆಂಡು ಒಗಿಯೋ ಹುಡುಗ ಆರಾಮ ನೋಡಿ ಒಗೀತಾನ್ರೀ. ಮೈಮ್ಯಾಲೆ ಹೋಗಬೇಕು," ಎನ್ನುತ್ತಿದ್ದಳು.

"ಎಲ್ರೂ ಮೈಮೇಲೆ ಬಿದ್ರೆ ಹಿಂದೆ ಕಾಯೋರು ಯಾರೇ? ಸಣ್ಣಪುಟ್ಟ ಎಸೆತ ಬಿಟ್ಟುಕೊಟ್ಟು ದೊಡ್ಡದನ್ನ ತಡೀಬೇಕು ಕಣೇ," ಎನ್ನುತ್ತಿದ್ದರು ಅಪ್ಪ.

ಪಕ್ಕದಲ್ಲಿ ಕೂರುತ್ತಿದ್ದ ಬಿಳಿಗಡ್ಡದ ವಾಲ್ಟರ್ ಪ್ರತಿಸಲ, "ನಿನ್ನ ಅಮ್ಮ ಏನಂತಾರೆ?" ಎಂದು ನನ್ನನ್ನು ಕೇಳುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ಒಪ್ಪಿಸುತ್ತಿದ್ದೆ.

ಆ ಸೀಸನ್ನಿನ ಕೊನೆಯ ಆಟ. ನಮ್ಮವರು ನಾಲ್ಕು ಪಾಯಿಂಟು ಮುಂದಿದ್ದರು. ಸಮಯ ಇನ್ನೇನು ಮುಗಿಯುವುದರಲ್ಲಿತ್ತು. ಅಲ್ಲಿಯವರೆಗೆ ನುಗ್ಗಿ ಆಡಿದವರನ್ನು ಕೋಚು ಈಗ ಹಿಂದೆ ನಿಲ್ಲಿಸಿಬಿಟ್ಟಿದ್ದ. ಎದುರಾಳಿಗಳು ಸಣ್ಣಸಣ್ಣ ಎಸೆತಗಳಲ್ಲೇ ಹತ್ತಿರ ಹತ್ತಿರ ಬಂದರು.

"ಸರಿಯಾಗೇ ಮಾಡ್ತಿದಾನೆ. ಟೈಮ್ ಮುಗಿಯುತ್ತೆ," ಎಂದರು ಅಪ್ಪ.

ಅವ್ವ ಎದ್ದು ನಿಂತಳು. ವಾಲ್ಟರ್ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವ ಮುಂಚೆ ಅವ್ವನೇ, "ಸೆಂಡ್ ಟೂ ಮೋರ್. ಓನ್ಲಿ ಟೂ," ಎಂದಳು. ದನಿ ಗಟ್ಟಿಯಾಗಿಯೇ ಇತ್ತು. ಸುತ್ತಲಿನವರು ತಿರುಗಿ ನೋಡಿದರು. ಅವಳು ನಾಚಲಿಲ್ಲ. ಯಾರು ನುಗ್ಗಬೇಕು, ಯಾರು ಕಾಯಬೇಕು ಎಂದು ಕೈಮಾಡಿ ತೋರಿಸಿದಳು.

ಕೆಳಗೆ ಕೋಚಿಗೂ ತಾಳ್ಮೆ ತಪ್ಪಿರಬೇಕು. ಮರುಕ್ಷಣ ಹೆಚ್ಚುಕಡಿಮೆ ಎಲ್ಲರನ್ನೂ ನುಗ್ಗಿಸಿದ. ಅವರು ಕೈ ಹಾಕುವಷ್ಟರಲ್ಲಿ ಎದುರಾಳಿಗಳ ಹುಡುಗ ಚೆಂಡು ಎಸೆದಾಗಿತ್ತು. ಹಿಂದೆ ಕಾಯುವವರಿಲ್ಲ; ಅವರವನೊಬ್ಬ ಅದನ್ನು ಹಿಡಿದು ಕೊನೆಯ ಗೆರೆ ದಾಟಿದ, ಆರು ಪಾಯಿಂಟು. ನಾವು ಸೋತೆವು.

"ನೋಡಿದ್ಯಾ?" ಎಂದರು ಅಪ್ಪ, ಮೆಲ್ಲಗೆ.

"ಎಲ್ಲಾರನ್ನೂ ಕಳಸು ಅಂದಿದ್ನೇನ್ರೀ ನಾ? ಇಬ್ಬರನ್ನ ಅಂದಿದ್ದೆ."

ಗುಡ್ಡ ಇಳಿಯುವಾಗ ಅವಳು ಅದನ್ನೇ ವಾಲ್ಟರ್‌ಗೆ ಇಂಗ್ಲಿಷಿನಲ್ಲಿ ವಿವರಿಸುತ್ತಾ ನಡೆದಳು. ತಡವರಿಸಿದರೂ ನಿಲ್ಲಿಸಲಿಲ್ಲ, ನನ್ನನ್ನು ಕರೆಯಲಿಲ್ಲ. ನಾನು ಹಿಂದೆ ಖಾಲಿ ಡಬ್ಬಿ ಹಿಡಿದು ಬರುತ್ತಿದ್ದೆ. ಸೋತದ್ದಕ್ಕಿಂತ ಅದೇ ನನಗೆ ಅಳು ತರಿಸಿತು. ಆ ವಾರ ಗ್ರೋಸರಿ ಅಂಗಡಿಯಲ್ಲಿ ಅವಳೇ ಮುಂದೆ ಹೋದಳು.

ಮರುವರ್ಷ ಅಪ್ಪನಿಗೆ ಸಾಂಟಾ ಕ್ಲಾರಾದಲ್ಲಿ ಕೆಲಸ ಸಿಕ್ಕಿ ಆ ಗುಡ್ಡ ಬಿಟ್ಟುಹೋಯಿತು. ಈಗ ಅಪ್ಪ ಇಲ್ಲ. ಅವ್ವ ನನ್ನ ಮನೆಯಲ್ಲಿದ್ದಾಳೆ, ಮೊಮ್ಮಕ್ಕಳೊಡನೆ ಇಂಗ್ಲಿಷಿನಲ್ಲೇ ಹರಟುತ್ತಾಳೆ. ಶನಿವಾರ ಟಿವಿಯಲ್ಲಿ ಆಟ ಹಾಕಿದರೆ ಬಂದು ಕೂರುತ್ತಾಳೆ. ಅವಳನ್ನು ಕೆಣಕಲೆಂದೇ ನಾನು ಕೆಲವೊಮ್ಮೆ ಬೇಕಂತಲೇ ಅಪ್ಪನ ಹಾಗೆ, ಎಲ್ಲರೂ ಹಿಂದೆ ನಿಂತು ಕಾಯಬೇಕು ಎಂದು ತಪ್ಪು ಹೇಳುತ್ತೇನೆ.

"ಇರಬಹುದು ಬಿಡು," ಎನ್ನುತ್ತಾಳೆ ಅವ್ವ; ಅಪ್ಪನೊಡನೆ ಇಳಿಯುತ್ತಿದ್ದ ಹಾಗೆ ನನ್ನೊಡನೆ ವಾದಕ್ಕಿಳಿಯುವುದಿಲ್ಲ.