ಎರಡೂರಿನ ಕೆರೆಯ ಪಾನಾ

ಅವತ್ತು ಜಂಬಮ್ಮ ಪುಂಡಿಪಲ್ಯಕ್ಕೆ ಉಪ್ಪು ಜಾಸ್ತಿ ಹಾಕಿದ್ದಳು. ಗಂಡ ಸಾಬಣ್ಣ ಎರಡು ರೊಟ್ಟಿ ಮುಗಿಸಿ ತಂಬಿಗೆ ಎತ್ತಿದ.

"ಇಷ್ಟು ಉಪ್ಪು ತಿಂದ್ರ ಎರಡೂರಿನ ನೀರೂ ನಾ ಒಬ್ಬನ ಕುಡಿಬೇಕಾಗ್ತದ ನೋಡು."

"ಕುಡೀರಿ. ಎರಡೂರಿನ ಬೈಗಳ ಹೆಂಗೂ ನೀವೊಬ್ಬರ ತಿಂತೀರಿ."

ಅವನು ನಕ್ಕು ಕೈ ತೊಳೆದ. ಮರುದಿನ ಅಮವಾಸ್ಯೆ.

ದೇವದುರ್ಗ ತಾಲೂಕಿನ ಕರೇದಿನ್ನಿಗೂ ಮಾನ್ವಿ ತಾಲೂಕಿನ ಹೊನ್ನಹಳ್ಳಕ್ಕೂ ಕುಡಿಯಲು ಒಂದೇ ಕೆರೆ. ಕಾಲುವೆ ಬಿಟ್ಟಾಗ ತುಂಬಿಸಿಕೊಳ್ಳಬೇಕು. ಬಂದಾದ ಮೇಲೆ ಮತ್ತೆ ಬಿಡುವ ತನಕ ಅದೇ ನೀರು. ಎರಡೂ ಪಂಚಾಯಿತಿಯವರು ರಾಯಚೂರಿಗೆ ಹೋಗಿ, ಸಾಹೇಬರ ಮುಂದೆ ಕೂತು ಠರಾವು ಮಾಡಿಕೊಂಡಿದ್ದರು. ಒಂದು ದಿನ ಈ ಊರಿಗೆ, ಒಂದು ದಿನ ಆ ಊರಿಗೆ. ಅಮವಾಸ್ಯೆ ದಿನ ಯಾರಿಗೂ ಇಲ್ಲ. ಆ ದಿನ ಎತ್ತಿನ ಹೆಗಲಿಗೆ ನೊಗ ಇಡದ ಜನ, ಎರಡೂರಿನ ಪೈಪಿನ ವಾಲ್‌ಗೂ ರಜಾ ಕೊಟ್ಟರು. ನೀರಗಂಟಿ ಸಾಬಣ್ಣ ಅವತ್ತು ಕೆರೆಗಿಳಿದು ಪೈಪಿನ ಬಾಯಿಯ ಜಾಲರಿಗೆ ಸುತ್ತಿಕೊಂಡ ಪಾಚಿ ಕೀಳುತ್ತಿದ್ದ.

ನೀರಗಂಟಿ ಒಬ್ಬ, ವಾಲ್ ತಿರುಗಿಸುವ ಪಾನಾ ಮಾತ್ರ ಮೂರು. ಒಂದು ಅವನದು. ಇನ್ನೆರಡನ್ನು ಪಂಚಾಯಿತಿಗಳು ಒಂದೊಂದು ಇಟ್ಟುಕೊಂಡಿದ್ದವು. ಯಾಕೆಂದರೆ ಸಾಬಣ್ಣ ಕರೇದಿನ್ನಿಯವನು, ಜಂಬಮ್ಮನ ತವರು ಹೊನ್ನಹಳ್ಳ. "ಹೆಂಡ್ತಿ ಊರಿಗೆ ಒಂದು ಸುತ್ತು ಹೆಚ್ಚಿಗಿ ತಿರುವ್ತಾನ" ಅಂತ ಕರೇದಿನ್ನಿಯವರು. "ಸ್ವಂತ ಊರಿಗೆ ಕದ್ದು ಬಿಡ್ತಾನ" ಅಂತ ಹೊನ್ನಹಳ್ಳದವರು. ಅವನನ್ನು ನಂಬಿದವರು ಎರಡೂರಲ್ಲೂ ಇರಲಿಲ್ಲ.

ಅವನು ಮಾತ್ರ ನಂಬಿದ. ಅಮವಾಸ್ಯೆ, ವಾಲ್ ಮುಚ್ಚಿರುತ್ತದೆ ಅಂತ ನೀರಿಗಿಳಿದ. ಪೈಪು ಎಳೆದ ರಭಸಕ್ಕೆ ತೋಳು ಜಾಲರಿಯಲ್ಲಿ ಸಿಕ್ಕಿಕೊಂಡಿತು. ಮೇಲೆ ಬರಲಿಲ್ಲ.

ಹೆಣ ತೆಗೆಯುವ ಹೊತ್ತಿಗೆ ಎರಡೂ ವಾಲ್ ಬಂದಾಗಿದ್ದವು. ಕರೇದಿನ್ನಿಯವರು ಹೊನ್ನಹಳ್ಳದ ಕಡೆ ಕೈ ತೋರಿಸಿದರು, ಅವರು ಇವರ ಕಡೆ. ಹೆಣ ಕರೇದಿನ್ನಿಯ ಓಣಿಗೆ ಬಂದಾಗ ಹನುಮಪ್ಪನ ಕಟ್ಟೆಯ ನಳ ಇನ್ನೂ ತೊಟ್ಟಿಕ್ಕುತ್ತಿದ್ದುದನ್ನು ಜಂಬಮ್ಮ ನೋಡಿದಳು. ಮಣ್ಣಿಗೆ ಬಂದ ತವರಿನ ಅತ್ತಿಗೆ ರೇಣುಕಮ್ಮ ಕೊರಳು ಹಿಡಿದು ಅತ್ತಳು.

"ನಳದ ಮುಂದ ನಿಂತಿದ್ದೆ ಯವ್ವಾ. ಸುದ್ದಿ ಬಂತು. ಅರ್ಧ ತುಂಬಿದ ಕೊಡ ಅಲ್ಲೇ ಬಿಟ್ಟು ಬಂದೆ."

ಜಂಬಮ್ಮನ ಅಳು ನಿಂತಿತು. ಆ ಊರು ಕದಿಯುತ್ತದೆ ಅಂತ ಈ ಊರು, ಈ ಊರು ಕದಿಯುತ್ತದೆ ಅಂತ ಆ ಊರು. ಎರಡೂ ಒಂದೇ ದಿನ ತೆರೆದಿದ್ದವು.

ದಿವಸದ ಕಾರ್ಯ ಮುಗಿದ ಮೇಲೆ ಅವಳು ಗಂಡನ ಪಾನಾ ಹಿಡಿದು ಹೋಗಿ ವಾಲ್ ಗುಂಡಿಯ ಕಬ್ಬಿಣದ ಮುಚ್ಚಳದ ಮೇಲೆ ಕೂತಳು. ಎರಡು ದಿನ ಯಾವ ಊರಿಗೂ ನೀರಿಲ್ಲ. ಮೂರನೆಯ ದಿನ ಕರೇದಿನ್ನಿಯ ಅಧ್ಯಕ್ಷ ಪಂಪಾಪತಿ, ಹೊನ್ನಹಳ್ಳದ ಅಧ್ಯಕ್ಷೆ ಉಮಾದೇವಿ ಬಂದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಏನ್ ಬೇಕವ್ವಾ ನಿನಗ?" ಅಂದ ಪಂಪಾಪತಿ.

"ನಿಮ್ಮ ಎರಡೂ ಪಾನಾ ತರ್ರಿ. ಕೆರಿಗೆ ಒಂದೇ ಪಾನಾ ಇರಬೇಕು, ಅದು ನನ್ನ ಕೈಯಾಗ. ಎರಡೂ ಪಂಚಾಯ್ತಿ ಬುಕ್ಕಿನಾಗ ಬರೀರಿ. ನೀರಾಗ ಇನ್ನೊಬ್ಬ ಸಾಯಬಾರ್ದು."

ಕರೇದಿನ್ನಿಯ ಮೆಂಬರ್ ಗಡಿಗೆಪ್ಪ ಹಿಂದಿನಿಂದ ಅಂದ: "ಮುಂಡಿ ಕೈಲೆ ನೀರು ಬಿಡಿಸ್ಕೊಂಡ್ರ ಊರು ಉದ್ಧಾರ ಆಗ್ತದೇನು?"

"ನನ್ನ ಮುಂಡಿ ಮಾಡಿದ ಕೈಲೆ ಬಿಟ್ಟ ನೀರು ಕುಡಿದ್ರೆಲ್ಲಪಾ, ಹೊಟ್ಟಿ ನೋಯ್ಲಿಲ್ಲ?"

"ಅವರು ತೆಗೆದ್ರು," ಅಂದ ಪಂಪಾಪತಿ.

"ನಮ್ಮವರಲ್ಲ," ಅಂದಳು ಉಮಾದೇವಿ.

"ಹನುಮಪ್ಪನ ಕಟ್ಟಿ ನಳ ಸೋರ್ತಿತ್ತು. ನಮ್ಮತ್ತಿಗಿ ಕೊಡ ಅರ್ಧ ತುಂಬಿತ್ತು. ಇನ್ನೂ ಹೇಳ್ಲೇನು?"

ತಪ್ಪಾಯಿತು ಅಂತ ಯಾರೂ ಅನ್ನಲಿಲ್ಲ. ಖಾಲಿ ಕೊಡ ಹಿಡಿದ ಹೆಂಗಸರು ಏರಿಯ ಎರಡೂ ಕಡೆ ನಿಂತಿದ್ದರು. ಅವರಿಗೆ ಅಂಜಿ ಸಂಜೆಗೆ ಪಾನಾ ಬಂದವು, ಬುಕ್ಕಿನಲ್ಲಿ ಸಹಿ ಬಿದ್ದವು. ಇವನ್ನು ಕೆರೆಗೆ ಒಗೆದುಬಿಡೋಣ ಅಂದಳು ಉಮಾದೇವಿ.

"ಆ ನೀರಿಗೆ ಹಾಕಬ್ಯಾಡ್ರಿ. ಕಮ್ಮಾರಗ ಕೊಡ್ರಿ, ಕುಡಗೋಲರ ಆಗ್ಲಿ."

ಈಗಲೂ ಕೆಲವರು ಅವಳು ಎದುರಾದರೆ ಉಗುಳಿ ಪಕ್ಕಕ್ಕೆ ಸರಿಯುತ್ತಾರೆ. ತವರಿಗೆ ಹೆಚ್ಚು ಬಿಡುತ್ತಾಳೆ ಅಂತ ಒಂದೂರು, ಗಂಡನ ಊರಿಗೆ ಅಂತ ಇನ್ನೊಂದೂರು. ಅವಳೂ ಯಾರ ಮನೆಯ ಮುಂದೆಯೂ ನಿಲ್ಲುವುದಿಲ್ಲ.

ದಿನಾ ಬೆಳಿಗ್ಗೆ ಪಾನಾ ಹೆಗಲಿಗಿಟ್ಟು ಕೆರೆಗೆ ಹೋಗುತ್ತಾಳೆ. ಮೊದಲು ವಾಲ್ ಹತ್ತಿರ ಹೋಗುವುದಿಲ್ಲ. ಮೆಟ್ಟಿಲಿಳಿದು, ಜಾಲರಿ ಇರುವ ಕಡೆ ನೋಡಿ ಕೂಗುತ್ತಾಳೆ.

"ಒಳಗ ಯಾರರ ಅದೀರೇನು?"

ಸ್ವಲ್ಪ ಹೊತ್ತು ನಿಲ್ಲುತ್ತಾಳೆ. ಆಮೇಲೆ ಮೇಲೆ ಬಂದು ವಾಲ್ ತಿರುಗಿಸುತ್ತಾಳೆ.